ನಿನ್ನ ಮೈಯ ಮೇಲೆ ಹೊರಿಸಿದ ಸುಳ್ಳು

ಯಾವ ಡಾಕ್ಟರೂ ಹಾಗೆ ಹೇಳಿರಲಿಲ್ಲ, ಸವಿತಾ. ಅದು ನಾನೇ ಕಟ್ಟಿದ ಸುಳ್ಳು.

ಮದುವೆಯಾದ ಹೊಸತು, ನಂಜನಗೂಡಿನ ಬಾಡಿಗೆ ಮನೆ. ನಾವು ಕೂಡಿದಾಗ ನಿನಗೆ ನೋವಾಗುತ್ತಿತ್ತು, ಸುಖವಿರಲಿಲ್ಲ. ನನ್ನ ಆತುರವೇ ಕಾರಣವೆಂದು ಒಳಗೊಳಗೇ ಗೊತ್ತಿತ್ತು. ಒಪ್ಪಿಕೊಳ್ಳಲು ಗಂಡಸೆಂಬ ಜಂಬ ಬಿಡಲಿಲ್ಲ. ಒಂದು ಮಧ್ಯಾಹ್ನ ಅಂದುಬಿಟ್ಟೆ: "ಕೆಳಗೆ ನಿಂದು ಎಲ್ಲಾರ್ ತರ ಇಲ್ಲ ಕಣೆ. ಒಳತುಟಿ ಇಷ್ಟುದ್ದ ಇರ್ಬಾರ್ದು. ಅದ್ಕೇ ಹಿಂಗೆ."

ನೀನು ಸೀರೆ ಎಳೆದುಕೊಂಡು ಕೇಳಿದೆ, "ಎಲ್ಲಾರ್ದು ಅಂದ್ರೆ, ಯಾರ್ಯಾರ್ದು ನೋಡಿದೀರಾ?"

ಫೋನಿನ ವಿಡಿಯೋಗಳ ಹೊರತು ನಾನೇನೂ ನೋಡಿರಲಿಲ್ಲ. "ಡಾಕ್ಟ್ರನ್ನ ಕೇಳ್ದೆ, ಅವ್ರೇ ಹೇಳಿದ್ರು" ಎಂದೆ.

ಆಮೇಲೆ ತಿಂಗಳುಗಟ್ಟಲೆ ನೀನು ನನ್ನೆದುರು ಬಟ್ಟೆ ಬದಲಿಸಲಿಲ್ಲ. ಕೊನೆಗೆ, ಕತ್ತರಿಸಿ ಸರಿಮಾಡಿಸಿಕೊಳ್ಳುತ್ತೇನೆಂದು ಒಬ್ಬಳೇ ಮೈಸೂರಿಗೆ ಬಸ್ಸು ಹತ್ತಿದೆ. ಆಗಲೂ ನಾನು ತಡೆಯಲಿಲ್ಲ.

ಸಂಜೆ ನೀನು ಬಂದು, ಚಪ್ಪಲಿ ಬಿಡುತ್ತಲೇ ಹೇಳಿದೆ: "ಆಪರೇಷನ್ ಮಾಡಲ್ಲ ಅಂದ್ರು ಲೇಡಿ ಡಾಕ್ಟ್ರು. ಪರೀಕ್ಷೆ ಮಾಡಿದ್ರು, ಕಾಯಿಲೆ ಏನೂ ಇಲ್ವಂತೆ. ಮುಖ ಒಬ್ಬೊಬ್ರದು ಒಂದೊಂದ್ ತರ ಇಲ್ವಾ, ಇದೂ ಅಂಗೇ ಅಂತೆ. ಉದ್ದ, ಗಿಡ್ಡ, ಎಡ ಒಂದ್ ತರ ಬಲ ಒಂದ್ ತರ — ಎಲ್ಲಾ ಸರೀನೇ. ಸುಖಕ್ಕೂ ಅದಕ್ಕೂ ಸಂಬಂಧ ಇಲ್ಲ. ಕುಯ್ಸಿದ್ರೆ ಇರೋ ಸುಖಾನೂ ಓಗ್ಬೋದಂತೆ." ಒಳಗೆ ಬಂದು ನನ್ನೆದುರು ಕೂತು, "ಮೈ ಒಪ್ಕೊಳ್ಳಕ್ಕೆ ಟೈಮ್ ಬೇಕು ಕಣ್ರೀ. ನಾನ್ ಹೇಳ್ದಂಗೆ ಕೇಳ್ತೀರಾ?" ಎಂದೆ.

ನೀನು ಬೈಯಲಿಲ್ಲ. ನಾಚಲೂ ಇಲ್ಲ. ಎಲ್ಲಿ ಹಿತ, ಯಾವಾಗ ನಿಲ್ಲಿಸಬೇಕು ಎಂದು ಬಾಯಿಬಿಟ್ಟು ಹೇಳಿಕೊಟ್ಟೆಯಲ್ಲ — ಅಂಥ ಧೈರ್ಯವನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ. ನಮ್ಮ ಹಾಸಿಗೆಗೆ ನಗು ಬಂದದ್ದು ನಿನ್ನಿಂದ. ನಾನು ಆ ಸುಖವನ್ನು ವರ್ಷಗಟ್ಟಲೆ ಉಂಡೆ, ಸುಳ್ಳನ್ನು ಮಾತ್ರ ಬಚ್ಚಿಟ್ಟುಕೊಂಡೆ.

ಕಳೆದ ವಾರ ಸೋಮನಾಥಪುರದ ನಿನ್ನ ತವರಿನಲ್ಲಿ, ಮದುವೆ ಗೊತ್ತಾದ ನಿನ್ನ ತಂಗಿಗೆ ನೀನು ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು: "ನಿನ್ ಮೈ ಸರಿಯಿಲ್ಲ ಅಂತ ಯಾರಾದ್ರೂ ಅಂದ್ರೆ ನಂಬ್ಬೇಡ ಕಣೆ."

"ನಿಂಗ್ಯಾರಾದ್ರೂ ಅಂದಿದ್ರಾ ಅಕ್ಕಾ?"

"ಯಾರೋ, ತಿಳೀದೋರು."

ನನ್ನನ್ನು ಬಿಟ್ಟುಕೊಡಲಿಲ್ಲ ನೀನು. ಆದರೆ ನಾನು ತಿಳಿಯದವನಾಗಿರಲಿಲ್ಲ, ಸವಿತಾ. ತಪ್ಪು ನನ್ನದೆಂದು ತಿಳಿದೇ ನಿನ್ನನ್ನು ನೋಯಿಸಿದವನು.

ನಾಡಿದ್ದು ನಿನ್ನ ತಂಗಿಯ ಗಂಡನಾಗುವವನು ಮನೆಗೆ ಬರುತ್ತಾನೆ. ನೀನು ಒಪ್ಪಿದರೆ, ಅವನೂ ನನ್ನಂತೆ ಮಾಡದಿರಲೆಂದು, ಅವನನ್ನು ಕೂರಿಸಿಕೊಂಡು — ನಿನ್ನ ಮೈಯ ಮಾತಲ್ಲ, ನನ್ನ ನಡತೆಯ ಮಾತು — ಹೇಳಬೇಕೆಂದಿದ್ದೇನೆ. ಬೇಡವೆಂದರೆ, ಅದನ್ನೂ ಕೇಳುತ್ತೇನೆ.