ಪಟದೊಳಗೆ ಹೊತ್ತು ಮುಳುಗಿದ ಸಂಜೆ

ದೆವ್ವ, ಶಕುನ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಒಳಗೆ ಹೋಗುತ್ತಿದ್ದವಳು ನಾನು. ಈಗಲೂ ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ಕಂಡದ್ದನ್ನಷ್ಟೇ ಹೇಳುತ್ತೇನೆ.

ಎಂಬತ್ತರ ದಶಕದ ಮಾತು. ಬಮ್ಮಿಗಟ್ಟಿಯ ನಮ್ಮ ನಡುಮನೆಯಲ್ಲಿ ದೊಡ್ಡದೊಂದು ತೈಲಚಿತ್ರವಿತ್ತು. ಅಳ್ನಾವರದ ಕಟ್ಟಿಗೆ ವ್ಯಾಪಾರಿಯೊಬ್ಬರು ಊರು ಬಿಡುವಾಗ ನನ್ನ ಯಜಮಾನರಿಗೆ ಕೊಟ್ಟದ್ದು. ಯಾವುದೋ ದೇಶದ ಬಂದರು ಪಟ್ಟಣ. ಗೋಪುರಗಳು, ದೋಣಿಗಳು, ಅರ್ಧ ಮುಳುಗಿದ ಸೂರ್ಯ. ಮಂಜಿನೊಳಗೆ ಹಳದಿ ಬೆಳಕು ಹೇಗೆ ಹರಡಿತ್ತೆಂದರೆ, ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತೆಂದೇ ತಿಳಿಯುತ್ತಿರಲಿಲ್ಲ.

ಮೈದುನ ಬಸವರಾಜ ಗೋವಾದ ಬಂದರಿಗೆ ಕೆಲಸಕ್ಕೆ ಹೋದ ಮೇಲೆ ನಮ್ಮತ್ತೆ ಆ ಪಟದ ಎದುರಿಗೇ ಕೂರತೊಡಗಿದರು. ಸಮುದ್ರ ಕಂಡವರಲ್ಲ. "ನಮ್ಮ ಬಸ್ಯಾ ಇಲ್ಲೇ ಅದಾನ ನೋಡವಾ" ಎನ್ನುತ್ತಿದ್ದರು. ಅವನ ಸುದ್ದಿ ಬಾರದೆ ಬಹಳ ದಿನಗಳಾಗಿದ್ದವು.

ಶ್ರಾವಣದ ಒಂದು ಸಂಜೆ. ಬೆಳಗಿನಿಂದ ಮೋಡ, ಕರೆಂಟಿರಲಿಲ್ಲ. ನಾನು ಕಂದೀಲಿನ ಗಾಜು ಒರೆಸುತ್ತಿದ್ದೆ, ಇನ್ನೂ ಹಚ್ಚಿರಲಿಲ್ಲ. ತಲೆ ಎತ್ತಿದರೆ ಅತ್ತೆಯ ಮುಖದ ಮೇಲೆ ಹಳದಿ ಬೆಳಕು. ಬಾಗಿಲಾಚೆ ನೋಡಿದೆ, ಬರೀ ಕಪ್ಪು ಮೋಡ. ಅತ್ತೆಯ ನೆರಳು ಹಿಂದಿನ ಗೋಡೆಯ ಮೇಲೆ ಉದ್ದಕ್ಕೆ ಬಿದ್ದಿತ್ತು. ಪಟದ ಮುಂದೆ ಕೈ ಅಡ್ಡ ಹಿಡಿದೆ. ನನ್ನ ಕೈಯ ನೆರಳೂ ಅಲ್ಲಿ ಬಿತ್ತು.

"ಅತ್ತಿ, ಏನ್ರಿ ಇದು?"

"ಸುಮ್ಮನಿರ ಬೇ. ಹೊತ್ತು ಮುಳಗಾಕತ್ತೈತಿ."

ಬೆಳಕು ಕೆಂಪಾಯಿತು, ತಗ್ಗಿತು, ಆರಿಹೋಯಿತು. ಕಂದೀಲು ಹಚ್ಚಿ ಎತ್ತಿ ಹಿಡಿದೆ. ಪಟ ಎಂದಿನಂತೆಯೇ ಇತ್ತು. ಸೂರ್ಯ ಅರ್ಧವೇ ಮುಳುಗಿದ್ದ.

ಅತ್ತೆ ಎದ್ದರು. "ಜಳಕಕ್ಕ ನೀರ ಕಾಸು. ನನ್ನ ಮಗ ಹೋದ." ಆಮೇಲೆ ಅವರು ಅತ್ತ ರೀತಿಗೆ ಓಣಿಯ ಹೆಂಗಸರೆಲ್ಲ ಬಂದು ನಿಂತರು.

ಯಜಮಾನರು ಹೊಲದಿಂದ ಬಂದವರೇ ರೇಗಿದರು. "ಜೀವಂತ ಇದ್ದಾವಗ ಯಾಕ ಅಳ್ತಿ ಬೇ ಯವ್ವಾ?" ಮರುದಿನವೇ ಅಳ್ನಾವರಕ್ಕೆ ಹೋಗಿ ಗೋವಾದ ರೈಲು ಹತ್ತಿದರು. ಬಸವರಾಜ ಕೆಲಸ ಬಿಟ್ಟಿದ್ದನಂತೆ. ಎಲ್ಲಿಗೆ ಹೋದನೆಂದು ಬಂದರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೆಣ ಸಿಗಲಿಲ್ಲ, ಅವನೂ ಬರಲಿಲ್ಲ. ಅತ್ತೆ ಸಾಯುವವರೆಗೆ ಅವನ ಹೆಸರೆತ್ತಲಿಲ್ಲ.

"ನೀ ಖರೇನ ನೋಡಿದೇನು?" ಎಂದು ಯಜಮಾನರು ಒಮ್ಮೆ ಕೇಳಿದರು. ಹೌದೆಂದರೆ ಅವರ ತಮ್ಮನ ಮೇಲೆ ಮಣ್ಣು ಹಾಕಿದಂತೆ ಎಂದು ಗೊತ್ತಿತ್ತು. ಆದರೂ, "ನೋಡೇನ್ರಿ" ಅಂದೆ. ಅವರು ಎದ್ದು ಹೊರಗೆ ಹೋದರು.

ಇಂದಿಗೂ ಹಿರಿಯರ ಹಬ್ಬದಲ್ಲಿ ಅವನ ಹೆಸರಿಗೆ ಎಡೆ ಇಡುವುದಿಲ್ಲ. ಬರುತ್ತಾನೆಂದು ಯಾರೂ ಹೇಳುವುದೂ ಇಲ್ಲ.