ಅಳದೆ ಕಳಿಸಿದ ಗೆಳತಿ

ನಮ್ಮವ್ವ ಮೈಸೂರಿನ ಕೆಸರೆಯಲ್ಲಿ ಹೆಸರು ಮಾಡಿದ್ದು ಅಳುವುದರಲ್ಲಿ. ತಮಾಷೆಗೆ ಹೇಳುತ್ತಿಲ್ಲ. ನಮ್ಮ ಕಡೆಯ ಹಳ್ಳಿಗಳಲ್ಲಿ ಹೆಂಗಸರು ಸತ್ತವರ ಮುಂದೆ ಕೂತು ಹಾಡಿಕೊಂಡು ಅಳುತ್ತಾರೆ. ರಾಗ ತೆಗೆದು, ಸತ್ತವರನ್ನೇ ಮಾತಾಡಿಸುತ್ತಾರೆ, ಬೈಯುತ್ತಾರೆ, ನನ್ನ ಬಿಟ್ಟು ಹೋಗಲು ನಿನಗೆ ಮನಸ್ಸಾದರೂ ಹೇಗೆ ಬಂತು ಎಂದು ಕೇಳುತ್ತಾರೆ. ಮದುವೆಯಾಗಿ ಮೈಸೂರಿಗೆ ಬಂದ ಅವ್ವ ಊರಿನ ಮಿಕ್ಕಿದ್ದನ್ನೆಲ್ಲ ಬಿಟ್ಟರೂ ಇದೊಂದನ್ನು ಬಿಡಲಿಲ್ಲ. ಬೀದಿಯಲ್ಲಿ ಸಾವಾದರೆ ಹಾರ ತರಲು ಒಬ್ಬರು ಓಡುತ್ತಿದ್ದರು, ಅವ್ವನನ್ನು ಕರೆಯಲು ಇನ್ನೊಬ್ಬರು ಬರುತ್ತಿದ್ದರು. ಹಿಂದಿನ ಸಾಲಿನ ಜುಗ್ಗ ಅಜ್ಜಿ ಸತ್ತಾಗ ಅವ್ವ, "ಸಕ್ಕರೆ ಡಬ್ಬಕ್ಕೂ ಬೀಗ ಜಡೀತಿದ್ಯಲ್ಲ ನನ್ನತ್ತೇ, ಬೀಗದ ಕೈ ಯಾರಿಗ್ ಕೊಟ್ಬುಟ್ಟು ಓದೇ" ಎಂದು ಶುರು ಮಾಡಿದಳು. ಸೊಸೆ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ನಗುತ್ತಲೇ ಅಳು ಬಂದು, ಸಂಜೆಯವರೆಗೂ ನಿಲ್ಲಲಿಲ್ಲ.

ಬೀದಿಗೆಲ್ಲ ಕೇಳುವ ಹಾಗೆ ಯಾಕೆ ಕೂಗುತ್ತೀಯ ಎಂದು ನಾನು ರೇಗಿದ್ದುಂಟು. ದೇವರಾಜ ಮೊಹಲ್ಲಾದ ಬಟ್ಟೆ ಅಂಗಡಿಯಲ್ಲಿ ಇಡೀ ದಿನ ಗಿರಾಕಿಗಳ ಜೊತೆ ಮೆತ್ತಗೆ ಮಾತಾಡಿ ಬರುವವಳಿಗೆ ಅದು ನಾಚಿಕೆ ಅನ್ನಿಸುತ್ತಿತ್ತು. ಅವ್ವನದು ಒಂದೇ ಉತ್ತರ: "ಸುಮ್ಕೆ ಕಳಿಸ್ಬಾರ್ದು ಕಣವ್ವ. ಮಾತಾಡಿಸ್ದೆ ಕಳಿಸಿದ್ರೆ ಓದೋರು ಓಗಕಿಲ್ಲ, ಬಾಗ್ಲಲ್ಲೇ ನಿಂತ್ಕತಾರೆ."

ಪಕ್ಕದ ಮನೆಯಲ್ಲಿ ಖಾಲಮ್ಮ ಇದ್ದರು. ಅವರ ಮನೆಮಾತು ಉರ್ದುವಿನಲ್ಲಿ ಖಾಲಾ ಎಂದರೆ ಚಿಕ್ಕಮ್ಮ. ಬೀದಿಗೆಲ್ಲ ಅವರು ಖಾಲಮ್ಮನೇ. ಅವ್ವ ಮತ್ತು ಅವರು ನಮ್ಮ ಜಗಲಿಯ ಮೇಲೆ ಕೂತು ಗಂಧದ ಕಡ್ಡಿ ಹೊಸೆಯುತ್ತಿದ್ದರು. ಕೈ ಸುಮ್ಮನಿದ್ದರೂ ಬಾಯಿ ಸುಮ್ಮನಿರುತ್ತಿರಲಿಲ್ಲ. ಖಾಲಮ್ಮ ಕನ್ನಡ ಕಲಿತದ್ದು ನಮ್ಮವ್ವನಿಂದ, ಹಾಗಾಗಿ ಅದು ಪಕ್ಕಾ ನಮ್ಮ ಹಳ್ಳಿಯ ಕನ್ನಡ. ಕಷ್ಟ ಬಂದಾಗ ಅವ್ವ "ಎಲ್ಲಾ ನಸೀಬು" ಎನ್ನುವಳು. ಖಾಲಮ್ಮ "ಅಣೇಬರ ಅಕ್ಕಾ, ಯಾರೇನ್ ಮಾಡಕಾಯ್ತದೆ" ಎನ್ನುವರು. ಯಾವ ಮಾತು ಯಾರ ಮನೆಯದೆಂದು ಇಬ್ಬರಿಗೂ ಮರೆತುಹೋಗಿತ್ತು.

ಕಳೆದ ಬೇಸಿಗೆಯಲ್ಲಿ, ಬೆಳಿಗ್ಗೆ ಟೀಗೆ ಇಟ್ಟ ಖಾಲಮ್ಮ ಒಲೆಯ ಮುಂದೆ ಕುಸಿದು ತೀರಿಕೊಂಡರು. ಅವ್ವ ಬರಿಗಾಲಲ್ಲಿ ಓಡಿದಳು, ಹಿಂದೆ ನಾನು. ಒಳಗೆ ಹೆಂಗಸರು ತಲೆಗೆ ಸೆರಗು ಹೊದ್ದು ಸಣ್ಣ ದನಿಯಲ್ಲಿ ಕುರಾನ್ ಓದುತ್ತಿದ್ದರು. ಅವ್ವ ತಲೆಯ ಕಡೆ ಕೂತು ಗಂಟಲು ತೆಗೆದಳು: "ಕಡ್ಡಿ ಹೊಸೆಯೋ ಕೈ ತಣ್ಗಾಗೋಯ್ತಾ ನನ್ನ ತಂಗೀ..."

ಮುಂದಿನ ಸಾಲು ಬರುವಷ್ಟರಲ್ಲಿ ಖಾಲಮ್ಮನ ನಾದಿನಿ ಅವ್ವನ ಕೈ ಹಿಡಿದುಕೊಂಡರು. "ಅಮ್ಮಾ, ತಪ್ ತಿಳ್ಕೋಬೇಡಿ. ನಮ್ಮಲ್ಲಿ ಕೂಗಿ ಅಳ್ಬಾರ್ದು. ನಾವು ಕೂಗಿದ್ರೆ ಹೋದವರಿಗೆ ನೋವಾಗ್ತದೆ." ದನಿಯಲ್ಲಿ ಗದರಿಕೆ ಇರಲಿಲ್ಲ. ಅವರ ಕಣ್ಣೂ ಊದಿಕೊಂಡಿತ್ತು.

ಅವ್ವ ಖಾಲಮ್ಮನ ಮುಖವನ್ನೇ ನೋಡಿದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಕತ್ತಿನ ನರಗಳು ಉಬ್ಬಿದವು. ಗಂಡಸರು ಬಂದು ಎತ್ತಿಕೊಂಡು ಹೋಗುವವರೆಗೂ ಆ ಸೆರಗನ್ನು ತೆಗೆಯಲಿಲ್ಲ.

ಅದಾದ ಮೇಲೆ ಒಂದು ಮುಸ್ಸಂಜೆ, ದೀಪ ಹಚ್ಚಿ ಬಂದ ಅವ್ವ ಬಾಗಿಲ ಕಡೆ ನೋಡಿ, "ನಿಂತವ್ಳೆ ಕಣವ್ವ" ಎಂದಳು. ಯಾರು ಎಂದು ನಾನು ಕೇಳಲಿಲ್ಲ. ದೆವ್ವ ಪಿಶಾಚಿ ಎಂದರೆ ನಗುವವಳು ನಾನು. ಆದರೂ ಬಾಗಿಲ ಕಡೆ ತಿರುಗಿ ನೋಡಲಿಲ್ಲ. ಮಾರನೆಯ ಸಂಜೆಯೂ ಅದೇ ಮಾತು, ಅದರ ಮಾರನೆಯ ಸಂಜೆಯೂ. ಬಾಗಿಲು ಹಾಕಲು ಹೋದರೆ, ಮುಖದ ಮೇಲೆ ಬಾಗಿಲು ಹಾಕುತ್ತಾರೇನೇ ಎಂದು ಬೈಯುತ್ತಿದ್ದಳು. ಆ ಹೊತ್ತಿಗೆ ನಾನು ಅಡುಗೆಮನೆಯಲ್ಲೇ ಏನಾದರೂ ಕೆಲಸ ಹುಡುಕಿಕೊಳ್ಳತೊಡಗಿದೆ.

"ಮಾತಾಡಿಸಿದ್ರೆ ನೋವಾಯ್ತದಂತೆ. ಮಾತಾಡಿಸ್ದಿದ್ರೆ ಓಗಕಿಲ್ಲ. ನಾನೇನ್ ಮಾಡ್ಲಿ ಯೋಳು" ಎಂದಳು ಒಂದು ದಿನ.

"ಅವರದು ಅವರಿಗೆ, ನಮ್ಮದು ನಮಗೆ. ನಮ್ಮನೇಲಿ ಕೂತು ಅತ್ಬುಡವ್ವ, ಯಾರ್ ಬೇಡ ಅಂತಾರೆ" ಎಂದೆ.

"ಸತ್ತಿರೋಳು ಅವ್ಳಲ್ವೇನೇ. ಅವ್ಳ್ ನಂಬಿದ್ದು ನಡೀಬೇಕೋ, ನಾನ್ ನಂಬಿದ್ದೋ?"

ಆ ದಿನದಿಂದ ಅವ್ವ ತಟ್ಟೆಯ ಮುಂದೆ ಕೂತು ಎರಡು ತುತ್ತಿಗೇ ಏಳತೊಡಗಿದಳು. ಬೇರೆ ಮನೆಯ ಸಾವಿಗೆ ಕರೆಯಲು ಬಂದವರಿಗೆ ಗಂಟಲು ಕಟ್ಟಿದೆ ಎಂದು ಹೇಳಿ ಕಳಿಸಿದಳು. ಬಾಗಿಲಲ್ಲಿ ನಿಂತವರಿಗಿಂತ ಇದೇ ನನ್ನನ್ನು ಹೆಚ್ಚು ಹೆದರಿಸಿತು. ಹೀಗೇ ಬಿಟ್ಟರೆ ಅವ್ವ ಉಳಿಯುವುದಿಲ್ಲ ಅನ್ನಿಸಿ ಖಾಲಮ್ಮನ ಮಗಳಿಗೆ ಫೋನ್ ಮಾಡಿದೆ. ಅವಳು ನನ್ನ ವಾರಗೆಯವಳು. ಬೋಗಾದಿಯಲ್ಲಿ ಬಾಡಿಗೆ ಮನೆ, ಗಂಡ ಹೊಸ ಮನೆಗಳಿಗೆ ಟೈಲ್ಸ್ ಹಾಕುತ್ತಾನೆ. ಎಲ್ಲ ಕೇಳಿ, "ನಮ್ಮಲ್ಲಿ ಸತ್ತೋರು ಬಾಗಿಲಲ್ಲೆಲ್ಲ ನಿಲ್ಲಲ್ಲ ಕಣೇ" ಎಂದಳು. ಆದರೂ ಮಧ್ಯಾಹ್ನದ ಬಸ್ಸಿಗೇ ಬಂದಳು.

ಅವ್ವನ ಎದುರು ಚಕ್ಕಂಬಕ್ಕಳ ಹಾಕಿ ಕೂತು, "ದೊಡ್ಡಮ್ಮಾ, ಕೂಗ್ಬಾರ್ದು ಅಷ್ಟೇ. ಮೆತ್ತಗೆ ಮಾತಾಡ್ಬೋದು. ಅಮ್ಮೀಗೆ ಏನ್ ಹೇಳ್ಬೇಕೋ ನನ್ ಕಿವೀಲಿ ಹೇಳ್ಬುಡು" ಎಂದು ಕಿವಿ ಕೊಟ್ಟಳು.

ಅವ್ವನ ತುಟಿ ಅಲುಗಿತು. ಮತ್ತೆ ಅಲುಗಿತು. "ಬರಾಕಿಲ್ಲ ಕಣವ್ವ. ರಾಗ ಇಲ್ದೆ ಮಾತೇ ಬರಾಕಿಲ್ಲ." ಹಾಗೆಂದು ಅವಳ ಕೈ ಎತ್ತಿಕೊಂಡು, ಬೆರಳುಗಳನ್ನು ಒಂದೊಂದಾಗಿ ಸವರಿದಳು. "ಅವ್ಳ್ ಕೈಯೇ ಕಣೇ ಇದು" ಎಂದಳು.

ಅಷ್ಟೇ ಸಾಕಾಯಿತು. ಸಾವಿನ ದಿನ ತನ್ನ ಮನೆಯಲ್ಲಿ ಸದ್ದಿಲ್ಲದೆ ಕೂತಿದ್ದ ಖಾಲಮ್ಮನ ಮಗಳು ಇಲ್ಲಿ ಬಾಯಿ ತೆರೆದಳು. ಹೊರಗೆ ಬಂದದ್ದು ನಮ್ಮವ್ವನ ರಾಗ. "ಕರದ್ರೆ ಓ ಅನ್ದೆ ಮನಗ್ಬುಟ್ಯಲ್ಲೇ ನನ್ನವ್ವಾ, ಒಲೆ ಮ್ಯಾಲಿನ್ ಟೀ ಯಾರಿಗ್ ಇಟ್ಟಿದ್ದೇ..." ಹುಟ್ಟಿದಾಗಿನಿಂದ ಅಮ್ಮೀ ಎಂದವಳು ಅವ್ವಾ ಎಂದು ಕರೆಯುತ್ತಿದ್ದಳು. ಚಿಕ್ಕಂದಿನಲ್ಲಿ ನಾವಿಬ್ಬರೂ ಮುರಿದ ಗೊಂಬೆಗೆ ಟವೆಲ್ ಹೊದಿಸಿ ಅವ್ವನ ಹಾಗೆ ಅಳುವ ಆಟ ಆಡುತ್ತಿದ್ದೆವು. ಆಗಲೂ ನನಗಿಂತ ಚೆನ್ನಾಗಿ ಅಳುತ್ತಿದ್ದವಳು ಅವಳೇ. ಎದುರುಮನೆಯವರು ಹೊರಗೆ ಬಂದರು. ನನಗೆ ಒಳಗೊಳಗೇ ನೆಮ್ಮದಿಯಾಯಿತು. ಯಾರಾದರೇನು, ಕೊನೆಗೂ ಒಬ್ಬರು ಮಾತಾಡಿಸಿದರಲ್ಲ, ಇನ್ನು ಇದು ಮುಗಿಯಿತು ಅಂದುಕೊಂಡೆ.

ಅವ್ವ ಅವಳ ಬಾಯಿ ಮುಚ್ಚಿದಳು. "ಸುಮ್ಕಿರವ್ವ, ಸುಮ್ಕಿರು ನನ್ ಕಂದಾ. ನಿಮ್ಮವ್ವಂಗೆ ನೋವಾಯ್ತದೆ."

ಕೆಸರೆಯ ಬೀದಿಗಳನ್ನೆಲ್ಲ ಅಳಿಸಿದ ಅವ್ವನ ಬಾಯಲ್ಲಿ ಈ ಮಾತು. ನನಗೆ ತಡೆಯಲಾಗಲಿಲ್ಲ. "ಹಿಂಗಾದ್ರೆ ಅವ್ರು ಹೋಗೋದ್ ಹೆಂಗವ್ವಾ?" ಎಂದು ಕಿರುಚಿಯೇ ಬಿಟ್ಟೆ.

"ಓಗೋದ್ ಬ್ಯಾಡ ಬುಡು. ನೋವ್ ಮಾಡಿ ಕಳಿಸೋದ್ಕಿಂತ ನಿಂತಿರ್ಲಿ."

ಆಮೇಲೆ ನಾನು ಟೀ ಮಾಡಿ ತಂದೆ, ಮೂವರೂ ಕುಡಿದೆವು. ಕತ್ತಲಾಗುವ ಮೊದಲು ಬಸ್ಸು ಹಿಡಿಯಬೇಕೆಂದು ಖಾಲಮ್ಮನ ಮಗಳು ಎದ್ದಳು. ಹೊಸ್ತಿಲ ಹತ್ತಿರ ಹೋದವಳು ದಾಟದೆ ನಿಂತು, ನನ್ನ ಮುಖ ನೋಡದೆ ಅವ್ವನನ್ನು ಕೇಳಿದಳು: "ಯಾವ್ ಕಡೆ ನಿಂತವ್ಳೆ ದೊಡ್ಡಮ್ಮಾ?"

ಅವ್ವ ಬಲಗಡೆಗೆ ಕೈ ತೋರಿಸಿದಳು. ಅವಳು ದುಪಟ್ಟಾ ಎಳೆದುಕೊಂಡು, ಮೈ ಓರೆ ಮಾಡಿ, ಎಡಗಡೆಯಿಂದ ದಾಟಿ ಹೋದಳು.