ಹಾರಿದ ಹುಡುಗಿ ಹಾರಿರಲಿಲ್ಲ

ಮಾರ್ಲಿಸಳ ಬೂಟಿನ ಲೇಸಿಗೆ ಎರಡು ಗಂಟು ಹಾಕದೆ ಲೋರ್ನಾ ಹಾಗನ್ ಬೆಳಿಗ್ಗೆ ಮನೆ ಬಿಟ್ಟದ್ದೇ ಇಲ್ಲ. ಹೊರಗೆ ಇನ್ನೂ ಕತ್ತಲಿರುತ್ತದೆ. ಕಡಲಂಚಿನ ಹೋಕ್ವಿಯಮ್ ಊರಿನಲ್ಲಿ ಮಳೆಯಂತೂ ಇದ್ದೇ ಇರುತ್ತದೆ. ಶಾಲೆಯ ಹಳದಿ ಬಸ್ಸನ್ನು ಶೆಡ್ಡಿನಿಂದ ತೆಗೆಯುವ ಹೊತ್ತು ಮೀರುತ್ತಿರುತ್ತದೆ. ಆದರೂ ಅವಳು ಅಡುಗೆಮನೆಯ ನೆಲದ ಮೇಲೆ ಮಂಡಿಯೂರಿ, ಗೆಳತಿಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಲೇಸು ಎಳೆದು ಗಂಟು ಹಾಕಿ, ಆ ಗಂಟಿನ ಮೇಲೆ ಇನ್ನೊಂದು ಗಂಟು ಬಿಗಿಯುತ್ತಾಳೆ. ಮಾರ್ಲಿಸ್ ಕೊಸ್ಕಿಯ ಬಲಗೈ ಮುಚ್ಚಿಕೊಳ್ಳುವುದಿಲ್ಲ. ಅವಳ ಮಾತು ಆಳದ ಬಾವಿಯಿಂದ ಸೇದಿದಂತೆ ಒಂದೊಂದಾಗಿ ಬರುತ್ತದೆ.

"ಇಷ್ಟು... ಬಿಗಿ ಯಾಕೆ? ನಾನೇನು... ಓಡಿಹೋಗ್ತೀನಾ?"

"ಓಡಿಹೋದ್ರೂ ಬೂಟು ಕಾಲಲ್ಲೇ ಇರ್ಲಿ ಅಂತ ಕಣೇ."

ದಿನವೂ ಅದೇ ತಮಾಷೆ, ದಿನವೂ ಅದೇ ನಗು. ಆಮೇಲೆ ಲೋರ್ನಾ ಅವಳನ್ನು ಪಕ್ಕದ ಬೀದಿಯ ಚರ್ಚಿಗೆ ಬಿಟ್ಟು ಬಸ್ಸು ಓಡಿಸಲು ಹೋಗುತ್ತಾಳೆ. ಇಲ್ಲದವರಿಗೆಂದು ಬಂದ ಹಳೆಬಟ್ಟೆಗಳನ್ನು ಅಲ್ಲಿ ಕೂತು ಎಡಗೈಯಲ್ಲಿ ಮಡಿಸುವುದು ಮಾರ್ಲಿಸಳ ಕೆಲಸ. ಅವಳು ಮಡಿಸಿದ ಅಂಗಿಯ ಅಂಚು ಎಂದೂ ಓರೆಯಾಗುವುದಿಲ್ಲ.

ಇಬ್ಬರೂ ಒಂದೇ ಬೀದಿಯಲ್ಲಿ ಬೆಳೆದವರು. ಇಬ್ಬರ ಅಪ್ಪಂದಿರೂ ಮರದ ಗಿರಣಿಯಲ್ಲಿದ್ದರು, ಇಬ್ಬರನ್ನೂ ಅದೇ ಗಿರಣಿ ಒಂದೇ ವಾರದಲ್ಲಿ ಮನೆಗೆ ಕಳಿಸಿತು. ಕೆಲಸವಿಲ್ಲದ ಊರಿನಲ್ಲಿ ಪ್ರಾಯದ ಹುಡುಗರು ಮತ್ತೇನು ಮಾಡಿಯಾರು? ಗಿಟಾರ್ ಹಿಡಿದರು. ತಂತಿಗಳನ್ನು ಸಡಿಲಬಿಟ್ಟು, ನೆನೆದ ಹಗ್ಗ ಎಳೆದಂಥ ದನಿ ಬರುವವರೆಗೂ ಇಳಿಸಿದರು. ಅಪ್ಪಂದಿರ ಚೌಕಳಿ ಅಂಗಿಗಳನ್ನೇ ಹಾಕಿಕೊಂಡು ವೇದಿಕೆ ಹತ್ತಿದರು. ಅದು ಫ್ಯಾಷನ್ ಆಗಿರಲಿಲ್ಲ. ಚಳಿ ಇತ್ತು, ಬೇರೆ ಅಂಗಿ ಇರಲಿಲ್ಲ, ಅಷ್ಟೇ. ತಾವು ಕೇಳುತ್ತಿದ್ದ ಆ ಒರಟು ರಾಕ್ ಸಂಗೀತಕ್ಕೆ ಗ್ರಂಜ್ ಎಂದು ಹೆಸರೆಂಬುದು ಅವರಿಗೆ ತಿಳಿದದ್ದು ಪೇಟೆಯಿಂದ ಪತ್ರಿಕೆಯವರು ಬಂದು ಹೇಳಿದ ಮೇಲೆ.

ಆ ದಿನಗಳಲ್ಲಿ ಶನಿವಾರ ಸಂಜೆ ಮರ ಕಡಿಯುವವರ ಸಂಘದ ಹಾಲಿನಲ್ಲಿ 'ಕ್ಲ್ಯಾಮ್ ಗನ್' ಎಂಬ ಬ್ಯಾಂಡ್ ನುಡಿಸುತ್ತಿತ್ತು. ಕಡಲ ಮರಳಿನಿಂದ ಚಿಪ್ಪುಮೀನು ಕೀಳುವ ಕೊಳವೆಗೆ ಅಲ್ಲಿಯವರು ಹೇಳುವ ಹೆಸರು ಅದು, ಬ್ಯಾಂಡಿಗೂ ಅದೇ ಸಾಕೆನಿಸಿತ್ತು. ಹಾಡುವವನು ಮುಖದ ಮೇಲೆ ಕೂದಲು ಬಿಟ್ಟುಕೊಂಡು ತನ್ನ ಪಾದಗಳಿಗೇ ಹಾಡುತ್ತಿದ್ದ. ನಾಚಿಕೆ ಹೆಚ್ಚಾದ ದಿನ ಜನರಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದ. ಗೋಡೆಗಳು ಬೆವರುತ್ತಿದ್ದವು. ಹಿಂದಿನ ಬಾಗಿಲು ತೆರೆದಾಗ ಒಳಗಿನ ನೂರಾರು ಮೈಗಳ ಹಬೆ ಮಳೆಯೊಳಕ್ಕೆ ನುಗ್ಗುತ್ತಿತ್ತು. ಮೊದಲ ಹೊಡೆತಕ್ಕೇ ಎದೆಯೊಳಗಿನ ಮೂಳೆಗಳು ಒಂದನ್ನೊಂದು ಗುರುತು ಹಿಡಿದಂತಾಗುತ್ತಿತ್ತು. ಆ ಸುಖವನ್ನು ಲೋರ್ನಾ ಇವತ್ತಿಗೂ ಅಲ್ಲಗಳೆಯುವುದಿಲ್ಲ. ಚರ್ಚಿನಲ್ಲಿ ಕಣ್ಣು ಮುಚ್ಚಿದಾಗಲೂ ಕೆಲವೊಮ್ಮೆ ಅದೇ ಸದ್ದು ನೆನಪಾಗುತ್ತದೆ. ದೇವರು ಅದಕ್ಕೆ ಸಿಟ್ಟಾಗನೆಂದು ಅವಳ ನಂಬಿಕೆ.

ಆ ಹಾಲಿಗೆ ಬರೆಯದ ಎರಡು ಕಟ್ಟಳೆಗಳಿದ್ದವು. ಕುಣಿಯುವಾಗ ಬಿದ್ದವರನ್ನು ಮೊದಲು ಎತ್ತಬೇಕು. ಜನರ ತಲೆಯ ಮೇಲೆ ಏರಿದವರನ್ನು ಕೈಯಿಂದ ಕೈಗೆ ಮುಂದಕ್ಕೆ, ವೇದಿಕೆಗೇ ಸಾಗಿಸಬೇಕು. ವೇದಿಕೆ ಮುಟ್ಟಿದವರು ಮತ್ತೆ ಜನರ ಮೇಲೆ ಹಾರುತ್ತಿದ್ದರು. ಕೈಗಳಿಗೆ ಗೊತ್ತಿದ್ದದ್ದು ಅದೊಂದೇ ದಾರಿ.

ಈಗ ಆ ಹಾಲನ್ನು ಪೇಟೆಯ ಟ್ರೆವರ್ ಲಿಂಡ್ ಎಂಬವನು ಕೊಂಡು, ಗೋಡೆಗೆ ಬಣ್ಣ ಬಳಿದು, ಮೆತ್ತನೆಯ ಕುರ್ಚಿ ಹಾಕಿಸಿದ್ದಾನೆ. ಆ ಕಾಲದಲ್ಲಿ ಅವನಿನ್ನೂ ಹುಟ್ಟಿರಲಿಲ್ಲ. ಹೊರಗೋಡೆಯ ಉದ್ದಕ್ಕೂ ಅಲ್ಲಿನ ಹಳೆಯ ಶನಿವಾರವೊಂದರ ಫೋಟೋ ಅಂಟಿಸಿದ್ದಾನೆ. ಊರಿಗೆಲ್ಲ ಗೊತ್ತಿರುವ ಚಿತ್ರ. ಅಂಗಿಗಳ ಮೇಲೆ, ಬಿಯರ್ ಲೋಟಗಳ ಮೇಲೆ ಬಂದದ್ದು. ಚಾಚಿದ ಕೈಗಳ ಕಾಡು. ಅದರ ಮೇಲೆ ಒಬ್ಬ ಹುಡುಗಿ, ತಲೆ ಹಿಂದಕ್ಕೆ ಜೋತು, ಬೆವರಿಗೆ ಅಂಟಿದ ಕೂದಲು ಗುರುತು ಸಿಗದಂತೆ ಮುಖ ಮುಚ್ಚಿ, ತೋಳುಗಳೆರಡೂ ಅಗಲಕ್ಕೆ. ಒಂದು ಕಾಲಿನಲ್ಲಿ ಬೂಟಿಲ್ಲ. ಮೂಲೆಯಲ್ಲಿ ಇನ್ನೊಬ್ಬ ಹುಡುಗಿ ಬಾಯಿ ತೆರೆದು ಹಾಡುತ್ತಿದ್ದಾಳೆ. ಕೆಳಗೆ ಆಳೆತ್ತರದ ಅಕ್ಷರ: 'ಹಾರಿದ ಹುಡುಗಿ. ನಾವು ಸ್ವತಂತ್ರರಾಗಿದ್ದ ರಾತ್ರಿ.'

ಶಾಲೆಯ ಬಸ್ಸು ದಿನವೂ ಆ ಗೋಡೆಯ ಮುಂದೆಯೇ ಹಾಯಬೇಕು. ದಿನವೂ ಲೋರ್ನಾಳ ಮೈಯೆಲ್ಲ ಉರಿಯುತ್ತದೆ. ಮಾರ್ಲಿಸ್ ಅವತ್ತು ಹಾರಿರಲಿಲ್ಲ. ಮಾರ್ಲಿಸ್ ಸಾಯುತ್ತಿದ್ದಳು. ಮೂಲೆಯ ಹುಡುಗಿ ಲೋರ್ನಾ. ಅವಳು ಹಾಡುತ್ತಿರಲಿಲ್ಲ.

ಇಷ್ಟು ವರ್ಷ ಅವಳು ಬಾಯಿ ಬಿಡದಿದ್ದದ್ದು ಮಾರ್ಲಿಸಳ ತಾಯಿ ಐನೊಗೆ ಕೊಟ್ಟ ಮಾತಿಗಾಗಿ. "ನನ್ನ ಮಗಳನ್ನ ಸಂತೆಗೆ ಇಡಬೇಡ ಲೋರ್ನಾ," ಎಂದಿದ್ದಳು ಐನೊ, ಆ ರಾತ್ರಿಯ ಮೇಲೆ ಮಗಳನ್ನು ಕರೆದುಕೊಂಡು ತಂಗಿಯ ಊರಿಗೆ ಹೊರಡುವಾಗ. ಐನೊ ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಮಣ್ಣು ಮಾಡಿದ ಸಂಜೆಯೇ ಲೋರ್ನಾ ಮಾರ್ಲಿಸಳ ಪೆಟ್ಟಿಗೆ ಕಟ್ಟಿ ತನ್ನ ಮನೆಗೆ ಕರೆತಂದಳು. ಸಂತೆಗೆ ಇಟ್ಟವರು ಯಾರು ಎಂದು ತಿಳಿಯಲು ಈಗ ಆ ಗೋಡೆಯನ್ನು ನೋಡಿದರೆ ಸಾಕು.

ಹಾಲಿನ ಹೊಸ ಆರಂಭಕ್ಕೆ ಮುಂಚೆ ಟ್ರೆವರ್ ಹಳೆಯ ಅಭಿಮಾನಿಗಳನ್ನೆಲ್ಲ ಒಂದು ಭಾನುವಾರ ಮಧ್ಯಾಹ್ನ ಕರೆದ. ಬಂದು ನೆನಪು ಹೇಳಿ, ಕಾಫಿ ಕುಡಿಯಿರಿ ಎಂದು ಮನೆಮನೆಗೆ ಚೀಟಿ ಕಳಿಸಿದ. ಲೋರ್ನಾ ಆ ಚೀಟಿಯನ್ನು ಒಲೆಗೆ ಹಾಕಬೇಕೆಂದಿದ್ದಳು.

"ನಾನು... ಹೋಗ್ಬೇಕು," ಎಂದಳು ಮಾರ್ಲಿಸ್.

"ಯಾತಕ್ಕೆ? ಅವರ ಬುರುಡೆ ಕೇಳೋಕಾ?"

"ಆ ಹಾಲ್... ನೋಡ್ಬೇಕು. ನನ್ನದೂ... ಅಲ್ವಾ?"

ಲೋರ್ನಾ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡಳು. ಲೇಸು ಕಟ್ಟಿದಳು, ಕರೆದುಕೊಂಡು ಹೋದಳು. ಇಬ್ಬರೂ ಹಿಂದಿನ ಬಾಗಿಲ ಪಕ್ಕ ನಿಂತರು.

ಒಳಗೆ ನೆರೆತ ತಲೆಗಳು, ಬೊಕ್ಕ ತಲೆಗಳು, ಹೊಟ್ಟೆಯ ಮೇಲೆ ಗುಂಡಿ ಹಾಕಲಾಗದ ಚೌಕಳಿ ಅಂಗಿಗಳು. ಮೈಕು ಹಿಡಿದಿದ್ದವನು ರಸ್ ಹೆಂಡ್ರಿ, ಟೈರು ಅಂಗಡಿಯವನು. ಅವನ ಮಕ್ಕಳಿಬ್ಬರೂ ಲೋರ್ನಾಳ ಬಸ್ಸಿನಲ್ಲೇ ಶಾಲೆಗೆ ಹೋಗಿ ಬೆಳೆದವರು.

"ಈ ಕೈ ನೋಡಿ!" ರಸ್ ಎರಡೂ ಅಂಗೈ ಎತ್ತಿದ. "ಆ ಹುಡುಗಿನ ಈ ಕೈಲಿ ಎತ್ತಿದೀನಿ ನಾನು. ಹೂವಿನ ಥರ ಇದ್ಲು. ಒಂದು ಸಲ ವೇದಿಕೆ ಮುಟ್ಟಿಸಿದ್ವಿ, ತಿರುಗಿ ಬಂದ್ಲು. ಇನ್ನೊಂದು ಸಲ ಮುಟ್ಟಿಸಿದ್ವಿ, ಮತ್ತೂ ಬಂದ್ಲು! ಸಾಲ್ತಾನೇ ಇರ್ಲಿಲ್ಲ ಅವಳಿಗೆ. ಅಷ್ಟೊತ್ತಿಗೆ ಕರೆಂಟ್ ಹೋಯ್ತು ನೋಡಿ. ಯಾರಾದ್ರೂ ಹೆದರಿದ್ರಾ? ಕತ್ತಲಲ್ಲೇ ಹಾಡಿದ್ವಿ. ಅಂಥ ಜನ ಈಗ ಎಲ್ಲಿದಾರೆ ಮಾರಾಯ್ರೇ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬಾಕೆ ಕಣ್ಣೊರೆಸಿಕೊಂಡಳು. ಯಾರದೋ ಮನೆಗೆ ಬೆಂಕಿ ಬಿದ್ದಾಗ ಕೈ ಕಾಯಿಸಿಕೊಂಡು, ಎಂಥ ಬೆಚ್ಚಗಿನ ರಾತ್ರಿ ಎಂದು ನೆನೆಯುವ ಜನ. ಲೋರ್ನಾ ನಡುಹಾದಿಯಲ್ಲಿ ಮುಂದೆ ಬಂದದ್ದು ಅವಳಿಗೇ ಗೊತ್ತಾಗಲಿಲ್ಲ.

"ರಸ್, ಕರೆಂಟ್ ಹೋಗ್ಲಿಲ್ಲ. ನಾನು ಕಿತ್ತೆ."

"ಏನ್ ಕಿತ್ತೆ?"

"ವೈರು. ವೇದಿಕೆ ಪಕ್ಕದಲ್ಲಿ ದಪ್ಪದ್ದು ಇತ್ತಲ್ಲ, ದೀಪಕ್ಕೂ ಸ್ಪೀಕರ್ ಪೆಟ್ಟಿಗೆಗಳಿಗೂ ಅದೇ ಒಂದು. ಕಿತ್ತು ಎಸೆದೆ."

ಹಿಂದಿನಿಂದ ಯಾರೋ ನಕ್ಕರು. "ಹೋಗಮ್ಮಾ, ನೀನು ಹಾಡ್ತಾ ಇದ್ದೆ. ಗೋಡೆ ಮೇಲಿದೀಯಲ್ಲ, ಬಾಯಿ ಇಷ್ಟಗಲ ತೆಗೆದು!"

"ಹಾಡ್ತಾ ಇರ್ಲಿಲ್ಲ ನಾನು!" ಲೋರ್ನಾಳ ದನಿಗೆ ಮೈಕು ಬೇಕಾಗಲಿಲ್ಲ. "ನಿಲ್ಸಿ ಅಂತ ಕೂಗ್ತಾ ಇದ್ದೆ. ಅವಳಿಗೆ ಉಬ್ಬಸ ಇತ್ತು. ಆ ನೂಕಲಲ್ಲಿ ಉಸಿರು ಕಟ್ಟಿ ಪ್ರಜ್ಞೆ ತಪ್ಪಿದ್ಲು. ಬೀಳೋಕೂ ಜಾಗ ಇರ್ಲಿಲ್ಲ. ನೀವು ಎತ್ತಿದ್ರಿ, ಒಳ್ಳೇದು ಮಾಡಿದ್ರಿ. ಆಮೇಲೆ? ಬಾಗಿಲು ಹಿಂದೆ ಇತ್ತು. ಅಗೋ, ಅಲ್ಲಿ, ತೆರೆದೇ ಇತ್ತು, ಗಾಳಿ ಬರ್ತಿತ್ತು. ನೀವು ಅವಳನ್ನ ವೇದಿಕೆಗೆ ಸಾಗಿಸಿದ್ರಿ, ಮುಂದಕ್ಕೆ. ವೇದಿಕೆ ಮೇಲಿದ್ದವರು ಆಟ ಅಂದ್ಕೊಂಡು ತಿರುಗಿ ನಿಮ್ಮ ಮೇಲೆ ಎಸೆದ್ರು. ಮತ್ತೆ ಮುಂದಕ್ಕೆ ಕಳಿಸಿದ್ರಿ. ಅವಳ ತೋಳು ಸಂತೋಷಕ್ಕೆ ಚಾಚಿದ್ದಲ್ಲ ರಸ್, ಜೋತು ಬಿದ್ದಿದ್ದು. ತುಟಿ ನೀಲಿಯಾಗಿತ್ತು. ನಿಮ್ಮ ಕೈ ಮೇಲೇ ಇದ್ಲು, ಒಬ್ಬನಾದ್ರೂ ಮುಖ ನೋಡಿದನಾ?"

ಲೋರ್ನಾ ರಸ್ ಕಡೆಗೆ ಇನ್ನೊಂದು ಹೆಜ್ಜೆ ಇಟ್ಟಳು.

"ಕತ್ತಲಲ್ಲಿ ನಿಮ್ಮ ಹಾಡು ನಾನೂ ಕೇಳ್ದೆ. ನಾನೂ, ಮುಖ ಕಾಣದ ಯಾರೋ ಇಬ್ಬರೂ ಅವಳನ್ನ ಹೊತ್ಕೊಂಡು ಮಳೇಲಿ ಲಾರಿ ಹುಡುಕ್ತಾ ಇದ್ವಿ. ನೀವು ಹಾಡ್ತಾ ಇದ್ರಿ. ಆಸ್ಪತ್ರೆ ತಲುಪೋ ಹೊತ್ತಿಗೆ ಅವಳ ಅರ್ಧ ಮಾತು, ಒಂದು ಕೈ ಹೋಗಿತ್ತು. ಸ್ವತಂತ್ರರಾಗಿದ್ದ ರಾತ್ರಿ ಅಂತೆ! ಯಾರ ಸ್ವಾತಂತ್ರ್ಯ?"

ರಸ್ ಮೈಕನ್ನು ಕುರ್ಚಿಯ ಮೇಲಿಟ್ಟ. ಅವನ ಮುಖದಲ್ಲಿ ಮೊದಲು ಬಂದದ್ದು ಸಿಟ್ಟೇ. ತನ್ನ ಪ್ರಾಯದಲ್ಲಿ ಉಳಿದಿದ್ದ ಒಂದೇ ಒಂದು ಒಳ್ಳೆಯ ಸಂಜೆಯನ್ನು ಕಸಿದುಕೊಂಡವಳನ್ನು ನೋಡುವ ಸಿಟ್ಟು. ಆಮೇಲೆ ಅವನ ಕಣ್ಣು ಬಾಗಿಲ ಪಕ್ಕಕ್ಕೆ ಹೋಯಿತು. ಅಲ್ಲಿ ಮಾರ್ಲಿಸ್ ಬಲಗೈಯನ್ನು ಎಡಗೈಯಲ್ಲಿ ಹಿಡಿದು ನಿಂತಿದ್ದಳು.

"ಐನೊ ಕೊಸ್ಕಿ ಮಗಳಾ?" ಎಂದ. ಅವನ ದನಿ ಸಣ್ಣದಾಗಿತ್ತು. "ಮಾರ್ಲಿಸ್, ನೀನಾ ಅದು?"

ಮಾರ್ಲಿಸ್ ಹೌದೆಂದು ತಲೆಯಾಡಿಸಿದಳು. ಅವಳ ಮಾತು ಬರುವವರೆಗೂ ಹಾಲಿನಲ್ಲಿ ಎಲ್ಲರೂ ಕಾದರು. ಲೋರ್ನಾ ಕೂಡ ಸಿಟ್ಟು ತಡೆದು ಕಾದಳು.

"ಮೊದಲು... ಚೆನ್ನಾಗಿತ್ತು," ಎಂದಳು. "ಹಾಡು. ಎದೆಯಲ್ಲಿ... ಗುಡುಗು. ಆಮೇಲೆ ದೀಪ... ದೊಡ್ಡದಾಯ್ತು. ಆಮೇಲೆ... ಗೊತ್ತಿಲ್ಲ. ನನ್ನ ಬೂಟು... ಯಾರ ಹತ್ರ ಇದೆ?"

ಯಾರಿಗೂ ನಗಲಾಗಲಿಲ್ಲ. ರಸ್ ತನ್ನ ಅಂಗೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಪ್ಯಾಂಟಿನ ಜೇಬಿಗೆ ತುರುಕಿದ.

"ಟ್ರೆವರ್, ಆ ಗೋಡೇದನ್ನ ಇಳಿಸು," ಎಂದು ಗೊಣಗಿ, ಟೋಪಿ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಮಳೆಗೆ ಹೊರಟುಹೋದ. ಕೆಲವರು ಅವನ ಹಿಂದೆ ಹೋದರು. ಕೆಲವರು, ಅಷ್ಟೆಲ್ಲ ಹಳೆಯದನ್ನು ಈಗ ಕೆದಕಬೇಕಿತ್ತೇ ಎಂದು ಪಿಸುಗುಟ್ಟಿದರು. ಕೆದಕಿದವರು ಯಾರು? ಮನೆ ಗಾತ್ರಕ್ಕೆ ಹಿಗ್ಗಿಸಿ ಗೋಡೆಗೆ ಅಂಟಿಸಿದವರೋ, ಅದನ್ನು ದಿನವೂ ನೋಡಬೇಕಾದವರೋ?

ಲೋರ್ನಾ ಬಾಗಿಲ ಪಕ್ಕಕ್ಕೆ ಮರಳಿದಾಗ ಟ್ರೆವರ್ ಇಬ್ಬರಿಗೂ ತಾನೇ ಕಾಫಿ ತಂದುಕೊಟ್ಟ. ಒಳ್ಳೆಯ ಹುಡುಗನೇ. ಕಣ್ಣಲ್ಲಿ ನೀರೂ ಇತ್ತು. ಆದರೆ ಕಾಲು ಒಂದೇ ಕಡೆ ನಿಲ್ಲುತ್ತಿರಲಿಲ್ಲ.

"ಮೇಡಂ, ನನಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ."

"ಈಗ ಗೊತ್ತಾಯ್ತಲ್ಲ. ಇಳಿಸಿ. ಇಲ್ಲಾ, ಅದರ ಕೆಳಗೆ ನಡೆದದ್ದು ಬರೀರಿ, ಅಷ್ಟೇ ದೊಡ್ಡ ಅಕ್ಷರದಲ್ಲಿ."

"ಟಿಕೆಟ್ ಮೇಲೂ ಅದೇ ಚಿತ್ರ ಬಂದಿದೆ. ದೂರದೂರದಿಂದ ಅದನ್ನ ನೋಡೋಕೇ ಬರ್ತಾರೆ, ಸಂತೋಷ ಪಡೋಕೆ ಬರ್ತಾರೆ." ಅವನು ತಡವರಿಸಿದ. "ಒಂದು ಕೆಲಸ ಮಾಡೋಣ. ಒಳಗಡೆ ಒಂದು ಸಣ್ಣ ಫಲಕ, ನಿಮ್ಮಿಬ್ಬರ ಹೆಸರು. ಅಷ್ಟೇ ಅಲ್ಲ. ಮುಂದಿನ ಸಾಲಲ್ಲಿ ಎರಡು ಕುರ್ಚಿ, ವೇದಿಕೆ ಮುಂದೇನೇ. ಯಾವ ಬ್ಯಾಂಡ್ ಬಂದ್ರೂ ನಿಮ್ಮದೇ, ನೀವು ಇರೋವರೆಗೂ. ಹೊರಗಿನವರ ಮುಂದೆ ಮಾತ್ರ ಈ ವಿಷಯ... ಸ್ವಲ್ಪ..."

ಮಾತು ಮುಗಿಸುವ ಧೈರ್ಯ ಅವನಿಗಾಗಲಿಲ್ಲ. ಮುಗಿಸುವ ಅಗತ್ಯವೂ ಇರಲಿಲ್ಲ. ಲೋರ್ನಾ ವೇದಿಕೆಯ ಕಡೆ ನೋಡಿದಳು. ಮೊದಲು ಮೊಣಕಾಲೆತ್ತರವಿದ್ದ ಹಲಗೆ ಈಗ ಎದೆಯೆತ್ತರಕ್ಕೆ ಏರಿತ್ತು. ಅದರ ಮುಂದೆ ಕೆಂಪು ಕುರ್ಚಿಗಳ ಸಾಲು. ಅಲ್ಲಿಂದ ಬಾಗಿಲಿಗೆ ಎಷ್ಟು ದೂರವೆಂಬುದು ಅವಳ ತೋಳಿಗೆ ಇನ್ನೂ ನೆನಪಿತ್ತು. ಮಾರ್ಲಿಸಳ ಭಾರ ಹೊತ್ತು ಆ ದೂರವನ್ನು ಕತ್ತಲಲ್ಲಿ ದಾಟಿದ ತೋಳು ಅದು.

ಕುಡಿಯದ ಕಾಫಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಮಾರ್ಲಿಸಳ ಕೋಟಿನ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿದಳು.

"ಮುಂದಿನ ಸಾಲು ಬೇಡಪ್ಪ," ಎಂದಳು. "ಇವಳನ್ನ ಎಲ್ಲರೂ ಸೇರಿ ಮುಂದಕ್ಕೆ ಕಳಿಸಿದ್ದು ಸಾಕು. ಬರೋದಿದ್ರೆ ನಾವೂ ಟಿಕೆಟ್ ತಗೊಂಡು ಬರ್ತೀವಿ, ಇಲ್ಲೇ ಬಾಗಿಲ ಹತ್ರ ನಿಲ್ತೀವಿ. ಬಂದವರಿಗೆಲ್ಲ ನಡೆದದ್ದು ಹೇಳ್ತೀವಿ."